ಊದದ ಕೈ

ಜಲಜ ಡಾಕ್ಟರ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿದಾಗ ಬೆಳಗಿನ ಬಂಗುಡೆ ಹಾಗೇ ಇತ್ತು. ಒಂದೂ ಮಾರಾಟವಾಗಿರಲಿಲ್ಲ.

"ಹ್ವಾಯ್ ಡಾಕ್ಟ್ರೇ, ಇದ್ ಕಾಣಿ" ಎಂದು ಅವಳು ಮುಂಗೈ ಚಾಚಿದಳು. ಕ್ಷಯದ ಪರೀಕ್ಷೆಗೆ ಸೂಜಿ ಚುಚ್ಚಿದ ಕಡೆ ಕೆಂಪಗೆ, ಗಟ್ಟಿಯಾಗಿ ಊದಿತ್ತು. "ಈ ಕೈ ಕಂಡ್ ಊರೇ ನನ್ನ ಮೀನ್ ಬಿಟ್ಟಿತ್. ನಾನ್ ಇನ್ನ್ ಎಂತ ತಿಂಬುದ್?"

ಪ್ರೇಮಾನಂದ ಕುಂದಾಪುರದಲ್ಲಿ ಎದೆರೋಗದ ಡಾಕ್ಟರಾಗಿದ್ದು ನಿವೃತ್ತರಾದವರು. ರೋಗ ಯಾರಿಂದ ಯಾರಿಗೆ ದಾಟಿತೆಂದು ಪತ್ತೆ ಹಚ್ಚುವುದು ಅವರ ಹುಚ್ಚು. ಆ ಹುಚ್ಚಿಗೆ ಜೊತೆಯಾದವಳು ನರ್ಸ್ ಸುಪ್ರೀತಾ.

ತ್ರಾಸಿಯ ಸುಗುಣಳ ಪುಟ್ಟ ಮಗಳು ಮೋಕ್ಷಿತಾಗೆ ಕ್ಷಯ ಬಂದಿತ್ತು. ಮನೆಯವರಿಗೂ, ಮಗುವನ್ನು ದಿನಾ ಎತ್ತಿ ಆಡಿಸುತ್ತಿದ್ದ ಜಲಜಳಿಗೂ ಊರ ವೈದ್ಯರು ಸೂಜಿ ಪರೀಕ್ಷೆ ಮಾಡಿದ್ದರು. ಸುಗುಣ ಮತ್ತು ಗಂಡ ಯೋಗೀಶನ ಕೈ ಒಂದಿಷ್ಟು ಊದಿತ್ತು. ಜಲಜಳದ್ದು ಎಲ್ಲರಿಗಿಂತ ಹೆಚ್ಚು. ಮುಂಬೈಯ ಹೋಟೆಲು ಬಿಟ್ಟು ಬಂದು ಆ ಮನೆಯಲ್ಲೇ ಇದ್ದ ಸುಗುಣಳ ಸೋದರಮಾವ ಲೀಲಾಧರನ ಕೈ ಮಾತ್ರ ನುಣ್ಣಗಿತ್ತು. ಆತ ಅದನ್ನು ಮೀನು ಮಾರ್ಕೆಟ್ಟಿನಲ್ಲಿ ತೋರಿಸಿ, ಮಗುವಿಗೆ ರೋಗ ತಂದವಳೆಂದು ಜಲಜಳ ಹೆಸರು ಹೇಳಿ ಬಂದಿದ್ದ.

ಡಾಕ್ಟರು ತ್ರಾಸಿಗೆ ಹೋಗಿ ಎಲ್ಲರ ಕಫ ಕೇಳಿ ಪಡೆದರು. ಸುಪ್ರೀತಾಳಿಗೆ ಕಂಡದ್ದು ಇಷ್ಟು: ಏಪ್ರಿಲ್ ಸೆಕೆಯಲ್ಲೂ ಲೀಲಾಧರ ಶಾಲು ಹೊದ್ದಿದ್ದ, ಜಾರಿ ಬೀಳದ ಹಾಗೆ ಉಂಗುರಕ್ಕೆ ದಾರ ಸುತ್ತಿದ್ದ, ಕೆಮ್ಮಿದರೆ ದಮ್ಮು ಎನ್ನುತ್ತಿದ್ದ. ಮಗು ಮಲಗುತ್ತಿದ್ದದ್ದು ಅವನ ಪಕ್ಕ.

ವಾರ ಕಳೆದು ಡಾಕ್ಟರು ಸುಗುಣಳ ಮನೆಯಲ್ಲಿ ಎಲ್ಲರನ್ನೂ ಸೇರಿಸಿದರು. ಒಳಗೆ ಬೇಡ, ಗಾಳಿಯಾಡುವ ಅಂಗಳದಲ್ಲೇ ಕೂರೋಣ ಎಂದರು.

"ಊದಿದ್ದೇ ರೋಗ ಅಲ್ಲ. ಕ್ಷಯದ ಕ್ರಿಮಿಯ ಪರಿಚಯ ಇಪ್ಪ ರಕ್ತದ ಕಣಗಳು ಚುಚ್ಚಿದಲ್ಲಿಗೆ ಓಡಿ ಬಂದ ಗುರುತು ಅದ್. ಈ ಮನೆ ಗಾಳಿ ಕುಡಿದವ್ರ ಕೈಯೆಲ್ಲ ಊದಿತ್. ಮಗಿನ ಒಟ್ಟಿಗೆ ಮಲಗುವವ್ರ ಕೈ ಮಾತ್ರ ಎಂತಕೆ ಊದ್ಲಿಲ್ಲ?"

ಡಾಕ್ಟರೇ ಮುಂದುವರಿಸಿದರು. ಸಾಧಾರಣವಾಗಿ ಊದದ ಕೈ ಎಂದರೆ ಕ್ರಿಮಿ ತಗುಲಿಲ್ಲವೆಂದೇ ಅರ್ಥ. ಆದರೆ ರೋಗ ತೀರಾ ಬಲಿತರೆ ಕೆಲವರಲ್ಲಿ ಆ ಕಣಗಳು ಶ್ವಾಸಕೋಶದಲ್ಲೇ ಕಾದಾಡಿ ಸೋತಿರುತ್ತವೆ; ಕೈಗೆ ಬರಲು ಯಾರೂ ಉಳಿದಿರುವುದಿಲ್ಲ. ಶಾಲು ಹೇಳಿದ್ದು ಜ್ವರವನ್ನು, ಉಂಗುರದ ದಾರ ಹೇಳಿದ್ದು ಕರಗಿದ ಮೈಯನ್ನು. ಊಹೆಯೊಂದೇ ಸಾಲದೆಂದು ಕಫ ನೋಡಿಸಿದ್ದರು. ಕ್ರಿಮಿ ಕಂಡದ್ದು ಲೀಲಾಧರನ ಕಫದಲ್ಲಿ ಮಾತ್ರ. ಜಲಜಳ ಎದೆಯ ಎಕ್ಸ್‌ರೇಯೂ ಶುದ್ಧವಾಗಿತ್ತು.

ಲೀಲಾಧರ ಶಾಲಿನ ಅಂಚನ್ನು ಬಾಯಿಗೆ ಹಿಡಿದ.

"ಮುಂಬೈಯಲ್ಲೇ ಗೊತ್ತಿತ್ತ್. ಮಾತ್ರೆ ಅರ್ಧಕ್ಕೆ ಬಿಟ್ಟೆ. ಹೇಳ್ರೆ ಮಗಿನ ನನ್ನ ಹತ್ರ ಬಿಡುದಿಲ್ಲ ಅಂದ್ಕಂಡೆ."

ಮಾತ್ರೆ ಮುಗಿಸಿದರೆ ಮಗುವೂ ಲೀಲಾಧರನೂ ಗುಣವಾಗುತ್ತಾರೆ ಎಂದರು ಡಾಕ್ಟರು. ಸುಗುಣ ಜಲಜಳ ಕೈ ಹಿಡಿಯಲು ಬಂದಳು. ಜಲಜ ಕೈ ಕೊಡಲಿಲ್ಲ.

"ಇಲ್ಲಿ ಹೇಳ್ರೆ ಆತಿಲ್ಲ ಲೀಲಾಧರಣ್ಣ. ನನ್ನ ಹೆಸ್ರ್ ಮಾರ್ಕೆಟಲ್ಲಿ ಹೇಳಿದ್ರಿ. ಇದನ್ನೂ ಅಲ್ಲೇ ಹೇಳಿ."

ಮರುದಿನ ಬೆಳಿಗ್ಗೆ ಅವನು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಜನರಿಂದ ದೂರ ನಿಂತು ಎಲ್ಲವನ್ನೂ ಹೇಳಿದ. ಜಲಜ ಅವನ ಕಡೆ ನೋಡಲಿಲ್ಲ. ಮೂಲೆಯಲ್ಲಿ ಮೀನು ಮಾರುತ್ತಿದ್ದ ಮುದುಕಿಯೊಬ್ಬಳು ಜರುಗಿ, ತನ್ನ ಪಕ್ಕ ಜಾಗ ಬಿಟ್ಟಳು.

ಜಲಜ ಅಲ್ಲಿ ಕೂರಲಿಲ್ಲ. ಮಾರ್ಕೆಟ್ಟಿನ ನಟ್ಟನಡುವೆ, ಎಲ್ಲರಿಗೂ ಕಾಣುವಲ್ಲಿ, ಮಣೆ ಹಾಕಿ ಕೂತಳು.