ಕುರುಡು ಕುದುರೆಯ ಕಾಗದ

ಮಧ್ಯಾಹ್ನ ಎರಡಕ್ಕೆ ಇಪ್ಪತ್ತು ನಿಮಿಷ ಇರುವಾಗ, ಸಿನಿಮಾ ಸ್ಟುಡಿಯೋದಲ್ಲಿ ಸೆಟ್ಟುಗಳಿಗೆ ಬಣ್ಣ ಬಳಿಯುವವನೊಬ್ಬ ಬರಹಗಾರರ ಕಟ್ಟಡದ ಹಿಂಭಾಗಕ್ಕೆ ಹೋದ. ಅಲ್ಲಿ ಹಳೇ ಸೆಟ್ಟುಗಳ ರಾಶಿ. ರಟ್ಟಿನ ಚರ್ಚು, ರಟ್ಟಿನ ಜೈಲು, ಅರ್ಧ ಹಡಗು. ನಡುವೆ ಒಬ್ಬ ಮನುಷ್ಯ ಅಂಗಾತ ಬಿದ್ದಿದ್ದ. ಯಾವುದೋ ಚಿತ್ರಕ್ಕೆ ಮಾಡಿದ ಗೊಂಬೆ ಅಂದುಕೊಂಡ ಬಣ್ಣದವನು. ಹತ್ತಿರ ಹೋದ. ಕೈಯಲ್ಲಿದ್ದ ಡಬ್ಬಿ ಜಾರಿ ಬಿತ್ತು.

ಸತ್ತವನು ಹೈರಮ್ ಬೋಲ್. ನೆಬ್ರಾಸ್ಕಾದ ಕಾದಂಬರಿಕಾರ. ನದಿಯಲ್ಲಿ ದೋಣಿ ದಾಟಿಸುವವನೊಬ್ಬನ ಮೇಲೆ ಅವನು ಬರೆದ ಕಾದಂಬರಿಯನ್ನು ದೇಶವೆಲ್ಲ ಓದಿತ್ತು. ಸ್ಟುಡಿಯೋ ಅದನ್ನು ಕೊಂಡು ಸಿನಿಮಾ ಮಾಡುತ್ತಿತ್ತು. ಮೂರನೇ ಮಹಡಿಯಲ್ಲಿ ಅವನಿಗೆ ಕೊಟ್ಟಿದ್ದ ಕೋಣೆಯ ಕಿಟಕಿ ಹಾರುಹೊಡೆದಿತ್ತು. ಮೇಜಿನ ಮೇಲಿದ್ದ ಟೈಪ್‌ರೈಟರಿನಲ್ಲಿ ಒಂದು ಕಾಗದ ಸಿಕ್ಕಿಕೊಂಡಿತ್ತು.

ಲೆಫ್ಟಿನೆಂಟ್ ಮಲ್ವೇನಿ ಅದನ್ನು ಓದಿ ಟೋಪಿ ತೆಗೆದ.

"ಆತ್ಮಹತ್ಯೆ. ಪಾಪ. ಈ ಮನುಷ್ಯನ್ನ ಚೆನ್ನಾಗಿ ಬಲ್ಲೋರು ಇಲ್ಲಿ ಯಾರಿದಾರೆ?"

ಎಲ್ಲರೂ ಐಡಾ ಲಿಂಡ್‌ಕ್ವಿಸ್ಟಳ ಹೆಸರು ಹೇಳಿದರು.

* * *

ಐಡಾಗೆ ನಲವತ್ತಮೂರು. ಸ್ಟುಡಿಯೋದ ಕಥಾ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಅವಳದು ಒಂದೇ ಕೆಲಸ. ಕಾದಂಬರಿ ಓದುವುದು, ನಾಲ್ಕು ಪುಟದ ಕಥಾಸಾರ ಬರೆಯುವುದು. ವಾರಕ್ಕೆ ಮೂರು ಪುಸ್ತಕ. ದೊಡ್ಡವರಿಗೆ ಪುಸ್ತಕ ಓದಲು ಪುರಸೊತ್ತಿಲ್ಲ. ಅವಳ ನಾಲ್ಕು ಪುಟವೇ ಅವರಿಗೆ ಪುಸ್ತಕ. ಇದು ಅವಳಿಗೆ ಗೊತ್ತಿತ್ತು, ಗೊತ್ತಿದೆ ಅನ್ನುವ ಠೀವಿಯೂ ಇತ್ತು.

ಬೋಲ್ ಸೋಮವಾರ ಬಂದವನು ದಿನಾ ಅವಳ ಮೇಜಿನ ಹತ್ತಿರ ಬಂದು ಕೂರುತ್ತಿದ್ದ. "ಈ ಊರಲ್ಲಿ ನನ್ನ ಪುಸ್ತಕ ಪೂರ್ತಿ ಓದಿದೋಳು ನೀನೊಬ್ಳೇ ಕಣಮ್ಮ," ಅನ್ನುತ್ತಿದ್ದ. ಅವನ ಶವದ ಮೇಲೆ ಹೊದಿಸಿದ್ದ ಬಟ್ಟೆಯ ಅಂಚನ್ನು ಅವಳು ಸರಿಮಾಡಿದಳು. ಆಮೇಲೆ ಮೆಟ್ಟಿಲು ಹತ್ತಿ ಅವನ ಕೋಣೆಗೆ ಹೋದಳು.

"ಇದು ಅವನ ಮಾತೇನಾ, ನೋಡಿ ಹೇಳಿ ಮೇಡಂ," ಎಂದ ಮಲ್ವೇನಿ.

ಕಾಗದದಲ್ಲಿ ಹೀಗಿತ್ತು:

"ಚಿತ್ರದ ಬಗ್ಗೆ ನನ್ನ ತಕರಾರು ಇಲ್ಲ. ಕೊನೆಯನ್ನು ಸ್ಟುಡಿಯೋ ಇಷ್ಟ ಬಂದಂತೆ ಮಾಡಿಕೊಳ್ಳಲಿ. ನಾನು ದಣಿದಿದ್ದೇನೆ. ಕುರುಡು ಕುದುರೆಯನ್ನು ಹಿಡಿದು ನದಿಯ ಮುಂದೆ ನಿಂತ ನನ್ನ ದೋಣಿಯವನಂತೆ ನನಗೂ ಮುಂದೆ ದಾರಿಯಿಲ್ಲ."

ಕೆಳಗೆ ಹೆಸರು. ಅದೂ ಟೈಪಿನಲ್ಲೇ. ಐಡಾ ಎರಡು ಸಲ ಓದಿದಳು.

"ಇದನ್ನ ಅವರು ಬರೆದಿಲ್ಲ."

"ಹೆಂಗೆ ಹೇಳ್ತೀರಿ?"

"ಪುಸ್ತಕದಲ್ಲಿ ಕುರುಡು ಕುದುರೆ ಇಲ್ಲ. ಕುಂಟು ಹೇಸರಗತ್ತೆ ಇದೆ. ಅವರ ತಂದೆ ಹೇಸರಗತ್ತೆ ಸಾಕ್ತಿದ್ರು. ಅದರ ಮೇಲೇ ಇಡೀ ಒಂದು ಅಧ್ಯಾಯ ಇದೆ. ನೀವು ಸಾಯೋಕೆ ಹೊರಟ್ರೂ ನಿಮ್ಮ ಮಗುವಿನ ಹೆಸರು ಮರೀತೀರಾ?"

ಮಲ್ವೇನಿ ಬಾಗಿಲು ಮುಚ್ಚಿದ. "ಈ ಕುದುರೆ ವಿಷಯ ಈ ಕೋಣೆ ದಾಟಬಾರದು. ಈಗ ಹೇಳಿ, ಈ ಟೈಪ್‌ರೈಟರ್ ಯಾರದು?"

ಐಡಾ ನಾಲಿಗೆ ಕಚ್ಚಿಕೊಂಡಳು. ಅದು ಮಾರ್ಟಿ ಕಾಪ್ಲೋನದು. ಕಾದಂಬರಿಯನ್ನು ಚಿತ್ರಕಥೆಗೆ ಇಳಿಸಿದವನು ಅವನೇ. ಕೋಣೆಯನ್ನು ಬೋಲ್ ಜೊತೆ ಹಂಚಿಕೊಂಡಿದ್ದ. ಹಿಂದಿನ ದಿನ ಊಟದ ಹಾಲಿನಲ್ಲಿ, ಎಲ್ಲರ ಎದುರು, ಬೋಲ್ ಅವನನ್ನು ಕಟುಕ ಅಂದಿದ್ದ. ಮಾರ್ಟಿ ತಟ್ಟೆ ಎಸೆದು ಎದ್ದು ಹೋಗಿದ್ದ.

ಇವತ್ತು ಒಂದರಿಂದ ಎರಡರವರೆಗೆ ಎಲ್ಲಿದ್ದೆ ಎಂದು ಕೇಳಿದಾಗ ಮಾರ್ಟಿ ಹೇಳಿದ್ದು: "ಒಬ್ಬನೇ ಸುತ್ತಾಡ್ತಾ ಇದ್ದೆ."

ನಾಲ್ಕು ಗಂಟೆಗೆ ಅವನ ಕೈಗೆ ಕೋಳ ಬಿತ್ತು. ಹೋಗುವಾಗ ಅವನು ಐಡಾಳತ್ತ ತಿರುಗಿ, "ಭಲೇ ಐಡಾ. ಆತ್ಮಹತ್ಯೆ ಅಂತಿದ್ರು, ನೀನು ಅದನ್ನ ಕೊಲೆ ಅನ್ನಿಸ್ದೆ," ಎಂದ.

* * *

ಐಡಾ ತನ್ನ ಮೇಜಿಗೆ ಬಂದು ಕುಳಿತಳು. ಮಾರ್ಟಿ ಬಾಯಿಬಡುಕ, ಮುಂಗೋಪಿ. ಆದರೆ ಆ ಪುಸ್ತಕ ಅವನಿಗೆ ಬಾಯಿಪಾಠ. ಕಥಾ ವಿಭಾಗದಲ್ಲಿದ್ದ ಅವನ ಖಾನೆ ತೆರೆದು ಮೊದಲ ಕರಡು ಹುಡುಕಿದಳು. ನದಿಯ ದೃಶ್ಯ ಅಲ್ಲಿತ್ತು. ಹೇಸರಗತ್ತೆ, ಹೇಸರಗತ್ತೆ, ಪುಟದ ತುಂಬ ಹೇಸರಗತ್ತೆ. ಅಂಚಿನಲ್ಲಿ ಮಾರ್ಟಿಯ ಕೈಬರಹ: "ಉದ್ದ ಆಯ್ತು. ಯಾರಿಗೂ ತೋರಿಸೋ ಮೊದ್ಲೇ ತೆಗೀಬೇಕು." ಅಚ್ಚಾದ ಚಿತ್ರಕಥೆಯಲ್ಲಿ ಆ ದೃಶ್ಯವೇ ಇರಲಿಲ್ಲ.

ಹಾಗಾದರೆ ಕುರುಡು ಕುದುರೆ ಬಂದದ್ದೆಲ್ಲಿಂದ? ಎಲ್ಲೋ ಓದಿದ ನೆನಪು. ತಾನೇ ಓದಿದ್ದು. ಹೋದ ಫೆಬ್ರವರಿಯಲ್ಲಿ, ಜ್ವರ ಬಂದಿದ್ದ ವಾರ. ಕೆಂಟಕಿಯ ಕಥೆಯೊಂದು. ಕುರುಡು ಕುದುರೆ ಇದ್ದದ್ದು ಅದರಲ್ಲಿ. ಅದೇ ವಾರ ದೋಣಿಯ ಕಾದಂಬರಿಯನ್ನೂ ಮೊದಲ ಸಲ ಓದಿ ಮುಗಿಸಿದ್ದಳು.

ಬೀರುವಿನ ಬೀಗ ತೆಗೆದಳು. ದೋಣಿಯ ಕಥಾಸಾರ ಎಳೆದಳು. ಮೂರನೇ ಪುಟ, ಕೆಳಗಿನಿಂದ ಆರನೇ ಸಾಲು: "ಕುರುಡು ಕುದುರೆಯನ್ನು ಹಿಡಿದುಕೊಂಡು ಅವನು ನದಿಯ ಮುಂದೆ ನಿಲ್ಲುತ್ತಾನೆ."

ಅವಳ ಮುಖ ಬಿಸಿಯಾಯಿತು. ಹನ್ನೊಂದು ವರ್ಷದಲ್ಲಿ ಒಂದು ತಪ್ಪೂ ಮಾಡಿಲ್ಲ ಎಂದು ಹೇಳಿಕೊಳ್ಳುತ್ತಿದ್ದಳು. ತಪ್ಪು ಇಲ್ಲಿತ್ತು, ಅವಳದೇ ಟೈಪಿನಲ್ಲಿ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಮಾರ್ಟಿ ಹೋಗುತ್ತಾನೆ. ಎರಡನ್ನೂ ತೂಗುತ್ತ ಕೂರುವವಳಲ್ಲ ಅವಳು. ಎದ್ದಳು.

ಕಥಾಸಾರ ಎರಡು ಪ್ರತಿ ಟೈಪಾಗುತ್ತಿತ್ತು. ಒಂದು ಅವಳ ಬೀರುವಿನಲ್ಲಿ. ಇನ್ನೊಂದು ಹೋದದ್ದು ಒಬ್ಬನಿಗೇ.

* * *

ಲೀಲಂಡ್ ರಸ್ಕ್, ಚಿತ್ರದ ನಿರ್ಮಾಪಕ. ಒಂದು ಗಂಟೆಗೆ ಪ್ರದರ್ಶನದ ಕೋಣೆಗೆ ಹೋದವನು ಎರಡಕ್ಕೇ ಹೊರಗೆ ಬಂದದ್ದು ಎಂದು ಎಲ್ಲರೂ ಹೇಳಿದ್ದರು. ಹಿಂದಿನ ದಿನ ತೆಗೆದ ರೀಲುಗಳನ್ನು ಒಬ್ಬನೇ ಕೂತು ನೋಡುವುದು ಅವನ ಅಭ್ಯಾಸ. ಮಾಳಿಗೆಯ ಗೂಡಿನಿಂದ ಪ್ರೊಜೆಕ್ಟರ್ ಓಡಿಸುವವನು ಮುದುಕ ಗಸ್.

"ಗಸ್ ಅಣ್ಣಾ, ಇವತ್ತು ರಸ್ಕ್ ಸಾಹೇಬ್ರು ಪೂರ್ತಿ ನೋಡಿದ್ರಾ?"

"ಕೆಳಗೆ ಕತ್ತಲೆ. ನಂಗೇನು ಕಾಣುತ್ತೆ?" ಗಸ್ ಕೆನ್ನೆ ಕೆರೆದುಕೊಂಡ. "ಆದ್ರೆ ಇವತ್ತೊಂದು ಪವಾಡ ಆಯ್ತು ಕಣಮ್ಮ. ಎರಡನೇ ರೀಲು ತುಂಡಾಯ್ತು. ಅಂಟಿಸಿ ಮತ್ತೆ ಓಡಿಸೋಕೆ ಒಂಬತ್ತು ನಿಮಿಷ. ಅರೆಕ್ಷಣ ಪರದೆ ಬೆಳ್ಳಗಾದ್ರೆ ನಮ್ಮಮ್ಮನ್ನೆಲ್ಲ ಎಳೆದು ಬೈಯೋ ಮನುಷ್ಯ. ಇವತ್ತು ಉಸಿರೇ ಇಲ್ಲ! ದೇವರು ಬುದ್ಧಿ ಕೊಟ್ಟ ಅಂದ್ಕೊಂಡೆ."

ಐಡಾ ಅವನ ಭುಜ ತಟ್ಟಿದಳು. "ಬುದ್ಧಿ ಅಲ್ಲ ಅಣ್ಣಾ. ಅಲ್ಲಿ ಮನುಷ್ಯನೇ ಇರ್ಲಿಲ್ಲ."

* * *

ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಐಡಾ ಮತ್ತು ಮಲ್ವೇನಿ ರಸ್ಕ್‌ನ ಕೋಣೆಗೆ ಹೋದರು. ರಸ್ಕ್ ದ್ರಾಕ್ಷಿಹಣ್ಣು ತಿನ್ನುತ್ತಿದ್ದ. ಕಪ್ಪು ಟೈ ಕಟ್ಟಿದ್ದ.

"ಬನ್ನಿ ಲೆಫ್ಟಿನೆಂಟ್. ಕಾಪ್ಲೋ ಒಪ್ಕೊಂಡ್ನಾ?"

"ಇನ್ನೂ ಇಲ್ಲ ಸಾರ್. ದಾಖಲೆಗೆ ಅಂತ ಒಂದು ಮಾತು. ನೀವು ನಿನ್ನೆ ರೀಲು ನೋಡ್ತಿದ್ರಿ, ಅಲ್ವಾ? ಮಧ್ಯೆ ಏನಾದ್ರೂ ಅಡಚಣೆ?"

"ಏನೂ ಇಲ್ಲ. ನೀರು ಹರಿದ ಹಾಗೆ ಓಡ್ತು."

ಮಲ್ವೇನಿ ಬರೆದುಕೊಂಡ. ಐಡಾ ಕೈಯಲ್ಲಿದ್ದ ಹಾಳೆ ತಿರುಗಿಸಿದಳು.

"ಸಾರ್, ಪೇಪರಿಗೆ ಶ್ರದ್ಧಾಂಜಲಿ ಚಿತ್ರ ಬರೆಸ್ತಿದೀವಿ. ಪುಸ್ತಕದ ನದಿ ದೃಶ್ಯ ಹಾಕೋಣ ಅಂತ. ಚಿತ್ರ ಬರೆಯೋನು ದೋಣಿಯವನ ಪಕ್ಕ ಯಾವ ಪ್ರಾಣಿ ಬರೀಬೇಕು ಅಂತ ಕೇಳ್ತಿದಾನೆ."

"ಇಷ್ಟೂ ಗೊತ್ತಿಲ್ವಾ? ಕುದುರೆ. ಕುರುಡು ಕುದುರೆ. ಆ ಪುಸ್ತಕ ನಾನು ಎರಡು ಸಲ ಓದಿದೀನಿ."

ಐಡಾ ಪುಸ್ತಕವನ್ನು ಅವನ ತಟ್ಟೆಯ ಪಕ್ಕ ಇಟ್ಟಳು.

"ಹುಡುಕಿ ಸಾರ್. ಇದರಲ್ಲಿ ಇರೋದು ಹೇಸರಗತ್ತೆ, ಕುಂಟು. ಕುರುಡು ಕುದುರೆ ನನ್ನ ತಪ್ಪು. ಫೆಬ್ರವರಿಯಲ್ಲಿ ಜ್ವರದಲ್ಲಿ ಎರಡು ಪುಸ್ತಕ ಕಲಸಿಬಿಟ್ಟೆ. ಆ ತಪ್ಪು ಪ್ರಪಂಚದಲ್ಲಿ ಮೂರೇ ಕಡೆ ಇದೆ. ನನ್ನ ಬೀರು, ನಿಮ್ಮ ಖಾನೆ, ಸತ್ತವರ ಕಾಗದ. ಮಾರ್ಟಿ ಪುಸ್ತಕ ಓದಿದಾನೆ, ಅವನ ಕರಡಲ್ಲಿ ಹೇಸರಗತ್ತೆ ಇದೆ. ಪುಸ್ತಕ ಓದದೇ ಕಾಗದ ಬರೆದೋರು ನೀವು."

ರಸ್ಕ್ ನಕ್ಕ. "ಒಂದು ಕತ್ತೆ ನಂಬ್ಕೊಂಡು ನನ್ನ ಹಿಡೀತೀರಾ?"

"ಒಂದು ಕತ್ತೆ, ಒಂದು ತುಂಡಾದ ರೀಲು," ಎಂದ ಮಲ್ವೇನಿ. "ನಿನ್ನೆ ಒಂಬತ್ತು ನಿಮಿಷ ಪರದೆ ಖಾಲಿ ಇತ್ತು ಸಾರ್. ನೀವು ಅಲ್ಲಿದ್ರೆ ಗಸ್ ಇವತ್ತು ಕೆಲಸದಲ್ಲಿ ಇರ್ತಿರ್ಲಿಲ್ಲ."

ಉಳಿದದ್ದನ್ನು ಐಡಾ ಹೇಳಿದಳು; ರಾತ್ರಿ ಮಲ್ವೇನಿ ಜೊತೆ ಕೂತು ಚಿತ್ರದ ಕಡತ ಓದಿದ್ದಳು. ಲೇಖಕನ ಲಿಖಿತ ಒಪ್ಪಿಗೆ ಇಲ್ಲದೆ ಕೊನೆ ಬದಲಿಸಕೂಡದು ಎಂದು ಕರಾರಿನಲ್ಲಿತ್ತು. ಕಾದಂಬರಿಯಲ್ಲಿ ದೋಣಿಯವನ ಹೆಂಡತಿ ಮುಳುಗಿ ಸಾಯುತ್ತಾಳೆ. ರಸ್ಕ್ ಅವಳನ್ನು ಬದುಕಿಸಿ ಚಿತ್ರೀಕರಿಸಿಯೂ ಆಗಿತ್ತು. ಲೇಖಕ ಒಪ್ಪಿದ್ದಾನೆ ಎಂದು ನ್ಯೂಯಾರ್ಕಿನ ಮಾಲೀಕರಿಗೆ ಸುಳ್ಳು ಬರೆದಿದ್ದ. ಅವರು ಶುಕ್ರವಾರ ಬರುವವರಿದ್ದರು. ಅವರ ಎದುರು ನಿಂತು ಹೇಳುತ್ತೇನೆ ಎಂದು ಬೋಲ್ ಹಠ ಹಿಡಿದಿದ್ದ. ಊಟದ ಹೊತ್ತು, ಕಟ್ಟಡ ಖಾಲಿ. ಪಕ್ಕದ ಪ್ರದರ್ಶನದ ಕೋಣೆಯ ಹಿಂಬಾಗಿಲಿನಿಂದ ಹೋಗಿ, ಅವನನ್ನು ಕಿಟಕಿಯಿಂದ ತಳ್ಳಿ, ಕಾಗದ ಟೈಪ್ ಮಾಡಿ ಬರಲು ಹದಿನೈದು ನಿಮಿಷ ಸಾಕು.

"ಕಾಗದದಲ್ಲಿ ಅವರದೇ ಪುಸ್ತಕದ ಮಾತು ಹಾಕಿದ್ರೆ ನಂಬ್ತಾರೆ ಅಂದ್ಕೊಂಡ್ರಿ," ಎಂದಳು ಐಡಾ. "ಪುಸ್ತಕ ತೆರೆದು ಒಂದ್ಸಲ ನೋಡಿದ್ರೂ ಸಾಕಿತ್ತು."

ರಸ್ಕ್‌ನ ಮುಖ ಕೆಂಪಾಯಿತು. "ಐನೂರು ಪುಟ! ಓದೋಕೆ ನಂಗೆಲ್ಲಿ ಟೈಮು? ಅದಕ್ಕೇ ತಾನೇ ನಿನ್ನ ಇಟ್ಕೊಂಡಿರೋದು? ನೀನು ಸರಿಯಾಗಿ ಬರೆದಿದ್ರೆ..."

ಮಾತು ಅಲ್ಲೇ ನಿಂತಿತು. ಏನು ಹೇಳಿಬಿಟ್ಟೆ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಮಲ್ವೇನಿ ಕೋಳ ತೆಗೆದಿದ್ದ.

* * *

ಸಂಜೆ ಮಾರ್ಟಿ ಹೊರಗೆ ಬಂದ. ಗಡ್ಡ ಬೆಳೆದಿತ್ತು. "ನಿನ್ನ ತಪ್ಪು ನೀನೇ ಹೇಳ್ಕೊಂಡ್ಯಂತೆ. ಕೆಲಸ?"

"ಗೊತ್ತಿಲ್ಲ. ತಪ್ಪೊಪ್ಪಿ ಕಾಗದ ಬರೆದು ಕೊಟ್ಟಿದೀನಿ. ತೆಗೆದ್ರೆ ತೆಗೀಲಿ. ಓದೋಕೆ ಬರೋಳಿಗೆ ಈ ಊರಲ್ಲಿ ಇನ್ನೊಂದು ಕುರ್ಚಿ ಸಿಗಲ್ವಾ?"

ಇನ್ನೊಂದು ಕೆಲಸ ಬಾಕಿಯಿತ್ತು. ನೆಬ್ರಾಸ್ಕಾಕ್ಕೆ ಫೋನು ಹಚ್ಚಿಸಿದಳು. ಆ ಕಡೆ ಬೋಲ್‌ನ ಅಕ್ಕ ಕ್ಲಾರಿಸ್ಸಾ. ಮಾರ್ಟಿಯನ್ನು ಹಿಡಿಯುವ ಮೊದಲೇ ಸ್ಟುಡಿಯೋ ಸುದ್ದಿ ಕೊಟ್ಟಿದ್ದರಿಂದ ಪೇಪರುಗಳಲ್ಲಿ ಆತ್ಮಹತ್ಯೆ ಎಂದೇ ಬಂದಿತ್ತು.

"ಅಮ್ಮಾ, ನಿಮ್ಮ ತಮ್ಮ ಜೀವ ಕಳ್ಕೊಂಡಿದ್ದಲ್ಲ. ಕೊಂದರು. ಕೊಂದೋನು ಸಿಕ್ಕಿದಾನೆ. ಪುಸ್ತಕದ ಮುಕ್ತಾಯ ಬದಲಿಸೋಕೆ ಕೊನೇ ತನಕ ಅವರು ಒಪ್ಪಿರ್ಲಿಲ್ಲ."

ಮುದುಕಿಯ ಸ್ವರ ಬಂತು, ಗಟ್ಟಿಯಾಗಿ.

"ಜೀವ ಕಳ್ಕೊಂಡೋರಿಗೆ ಒಳಗೆ ಜಾಗ ಇಲ್ಲ ಅಂತ ಪಾದ್ರಿಗಳು ಚರ್ಚಿನ ಬೇಲಿ ಹೊರಗೆ ಗುಂಡಿ ತೋಡಿಸಿದಾರೆ ಕಣಮ್ಮ. ಫೋನು ಇಡದೆ ಕಾಯ್ಕೊಂಡಿರ್ತೀಯಾ? ಈಗ್ಲೇ ಹೋಗಿ ಅದನ್ನ ಮುಚ್ಚಿಸಿ ಬರ್ತೀನಿ. ಅವನು ಅಪ್ಪನ ಪಕ್ಕ ಮಲಗ್ಬೇಕು."

"ಕಾಯ್ತೀನಿ ಅಮ್ಮಾ," ಎಂದಳು ಐಡಾ. ಫೋನು ಕಿವಿಗೆ ಹಿಡಿದುಕೊಂಡೇ ಕುಳಿತಳು.