ನಾನು ಓದುವಾಗ ನಿಲ್ಲಿಸಿ

ಗಾಜಿನ ಕೋಣೆಯಿಂದ ಹೊರಬಂದವಳೇ ಅವಳು ಹೆಡ್‌ಫೋನನ್ನು ಹೊಸ ಸೌಂಡ್ ಎಂಜಿನಿಯರನ ಮೇಜಿನ ಮೇಲೆ ಕುಕ್ಕಿದಳು.

"ಕೇಳಿ ಇದನ್ನ. ನನ್ನ ದನಿ ಕೇಳ್ಸುತ್ತಾ, ಫ್ಯಾನ್ ಸದ್ದು ಕೇಳ್ಸುತ್ತಾ?"

ಆಡಿಯೋ ಪುಸ್ತಕಕ್ಕಾಗಿ ಓದುತ್ತಿದ್ದ ಕಾದಂಬರಿಯ ಕೊನೆಯ ಅಧ್ಯಾಯ ಅದು. ಮಗಳನ್ನು ಕಳೆದುಕೊಂಡ ತಾಯಿಯ ಮಾತು ಓದುತ್ತ ಅವಳು ನಿಜಕ್ಕೂ ಅತ್ತಿದ್ದಳು. ಆ ಅಳುವಿನ ಹಿಂದೆ ಕಂಪ್ಯೂಟರಿನ ಫ್ಯಾನ್ ಗುಂಯ್‌ಗುಡುತ್ತಿತ್ತು.

ಅವನು ತಪ್ಪೊಪ್ಪಿಕೊಂಡ. ಸ್ಟುಡಿಯೋ ಯಜಮಾನರನ್ನು ಕೇಳಿಯೇ ಒಂದು ಸಾಫ್ಟ್‌ವೇರ್ ಹಾಕಿದ್ದನಂತೆ. ಅದು ಹಿನ್ನೆಲೆಯಲ್ಲಿ ಓಡುತ್ತ, ಇಂಟರ್ನೆಟ್ ಮೂಲಕ ಎಲ್ಲೋ ಇರುವ ವಿಜ್ಞಾನಿಗಳ ಸಂಶೋಧನೆಗೆ ಬೇಕಾದ ಲೆಕ್ಕ ಮಾಡಿಕೊಡುತ್ತದೆ, ಯಂತ್ರ ಬಿಸಿಯಾಗಿ ಫ್ಯಾನ್ ಜೋರಾಗುತ್ತದೆ. ರೆಕಾರ್ಡಿಂಗ್ ಆ್ಯಪ್ ತೆರೆದೊಡನೆ ಅದು ತಾನಾಗಿ ನಿಲ್ಲುವಂತೆ ಮಾಡಲು ಮರೆತೆ, ಈಗಲೇ ಮಾಡುತ್ತೇನೆ ಎಂದ.

"ನಿಲ್ಲಿಸೋದಲ್ಲ, ಕಿತ್ತು ಹಾಕಿ. ಆ ಅಳು ಇನ್ನೊಂದ್ ಸಲ ಬರುತ್ತಾ ನನಗೆ? ನಿಮ್ಮ ಶೋಕಿಗೆ ನನ್ನ ಕೆಲಸ ಹಾಳಾಗ್ಬೇಕಾ?"

ಅವನ ಮುಖ ಕಪ್ಪಿಟ್ಟಿತು. ಅವಳೆದುರೇ ಅದನ್ನು ಅಳಿಸಿ ಹಾಕಿದ.

ಆಮೇಲೆ ಕೆಲಸಕ್ಕೆಷ್ಟು ಬೇಕೋ ಅಷ್ಟೇ ಮಾತು. ಅವಳಿಗೆ ಮೈ ಉರಿಯಿತು. ತಪ್ಪು ಅವನದು, ಮುಖ ಊದಿಸಿಕೊಂಡು ತಿರುಗುವವನೂ ಅವನೇ!

ಆದರೆ ಅದೇ ಅಧ್ಯಾಯವನ್ನು ಮತ್ತೆ ಓದಿದಾಗ, ಗಾಜಿನಾಚೆ ಅವನು ಕಣ್ಣೊರೆಸಿಕೊಂಡದ್ದನ್ನು ಅವಳು ನೋಡಿಬಿಟ್ಟಳು. ಹೊರಬಂದರೆ ಮತ್ತದೇ ಬಿಗಿದ ತುಟಿ. ಇವನ ಒಂದು ಮಾತಿಗೆ ನಾನೇಕೆ ಕಾಯುತ್ತೇನೆ? ಈ ಸಲ ಸಿಟ್ಟು ಬಂದದ್ದು ತನ್ನ ಮೇಲೆಯೇ.

ಒಂದು ಸಂಜೆ ಸ್ಟುಡಿಯೋದ ಮುಂದಿನ ಕೋಣೆಯಲ್ಲಿ ಗಾಲಿಕುರ್ಚಿಯಲ್ಲಿದ್ದ ಹೆಂಗಸೊಬ್ಬರು ಅವಳ ದನಿ ಕೇಳಿದ್ದೇ ತಡ ನಕ್ಕರು. ತಾನು ಅವನ ಅಕ್ಕ ಎಂದರು. ತಮ್ಮನು ಮನೆಯಲ್ಲಿ ಇವಳ ಓದನ್ನು ಹೊಗಳಿ ತಲೆ ತಿನ್ನುತ್ತಾನಂತೆ. ತನ್ನ ಸ್ನಾಯುಗಳ ಕಾಯಿಲೆಗೆ ಔಷಧಿ ಹುಡುಕುವವರಿಗೇ ಇಲ್ಲಿನ ಕಂಪ್ಯೂಟರ್ ಲೆಕ್ಕ ಮಾಡಿಕೊಡುತ್ತಿತ್ತು, ಈಗ ಆ ಸಾಫ್ಟ್‌ವೇರನ್ನೇಕೋ ತೆಗೆದುಬಿಟ್ಟಿದ್ದಾನೆ ಎಂದರು.

ಅವಳು ನೆಟ್ಟಗೆ ಅವನ ಕೋಣೆಗೆ ನುಗ್ಗಿದಳು.

"ಅಕ್ಕನಿಗೋಸ್ಕರ ಅಂತ ಒಂದ್ ಮಾತು ಹೇಳಿದ್ರೆ ನಿಮ್ಮನ್ನ ನುಂಗಿಬಿಡ್ತಿದ್ನಾ ನಾನು?"

ಅವನೂ ಸಿಡಿದ. "ಅಕ್ಕನ ಕಾಯಿಲೆ ತೋರಿಸಿ ಬೈಗುಳ ತಪ್ಪಿಸ್ಕೋಬೇಕಿತ್ತಾ? ನಿಮ್ಮ ಕನಿಕರ ಬೇಡ ನನಗೆ."

"ಕನಿಕರ ಯಾರಿಗ್ರೀ ಇದೆ? ಸಿಟ್ಟಿದೆ. ಇಷ್ಟ ಇಲ್ದೋರ ಮೇಲೆ ಇಷ್ಟು ದಿನ ಸಿಟ್ಟು ಉಳಿಯಲ್ಲ."

ಆಡಿದ ಮಾತು ಕಿವಿಗೆ ಬಿದ್ದಮೇಲೆ ಅವಳು ಕುರ್ಚಿ ಎಳೆದು ಕುಳಿತು, ಅಂದು ಆಡಿದ್ದು ತಪ್ಪಾಯಿತು, ಅದನ್ನು ಮತ್ತೆ ಹಾಕಿ, ನಾನು ಓದುವಾಗಷ್ಟೇ ನಿಂತರೆ ಸಾಕು ಎಂದಳು. ಅವನು ಹಾಕಿದ. ರೆಕಾರ್ಡಿಂಗ್ ಆ್ಯಪ್ ತೆರೆಯುತ್ತಲೇ ಸಾಫ್ಟ್‌ವೇರ್ ನಿಂತಿತು, ಮುಚ್ಚಿದೊಡನೆ ಓಡತೊಡಗಿತು.

"ಇನ್ಮೇಲೆ ಸಿಟ್ಟು ಬಂದ್ರೆ ಬಾಯಿಬಿಟ್ಟು ಬೈರಿ," ಎಂದಳು.

"ಬೈದ್ರೆ ನೀವು ಬೇರೆ ಸ್ಟುಡಿಯೋಗೆ ಹೋಗ್ಬಿಟ್ರೆ? ಆ ಭಯಕ್ಕೇ ಬಾಯಿ ಮುಚ್ಕೊಂಡಿದ್ದೆ."

"ಹೋಗಲ್ಲ."

"ಇನ್ನೊಂದ್ ಸಲ ಹೇಳಿ."

ಅವಳು ಸಿಟ್ಟಿನಿಂದಲೇ ಅವನ ಕೈ ಹಿಡಿದಳು. "ಎಲ್ಲಿಗೂ ಹೋಗಲ್ಲ. ಸಾಕಾ?"

"ಸಾಕಾಗಲ್ಲ," ಎಂದ ಅವನು, ಮೆಲ್ಲಗೆ.