ಮೌನದಲ್ಲಿ ಕೈಕೊಟ್ಟ ಲ್ಯಾಪ್‌ಟಾಪ್

"ಕೈ ತೆಗೀರಿ. ಏನ್ ಮಾಡ್ತೀರ ಅಂತ ಮೊದಲು ಹೇಳಿ, ಆಮೇಲೆ ಮುಟ್ಟಿ."

ಅಮೆರಿಕದ ಡುಲೂತ್ ಊರಿನ ಗ್ರಂಥಾಲಯದಲ್ಲಿ ಶನಿವಾರದ ರಿಪೇರಿ ಮೇಳ ನಡೆದಿತ್ತು. ಕೆಟ್ಟ ಟೋಸ್ಟರು, ಜಿಪ್ಪು ಕಿತ್ತ ಕೋಟು ಹಿಡಿದು ಬಂದವರೆಲ್ಲ ತಿರುಗಿ ನೋಡಿದರು. ಮಾರ್ನಿ ತನ್ನ ಹಳೆಯ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಿಂತಿದ್ದಳು.

ಮೇಜಿನಾಚೆ ಕೂತಿದ್ದ ಓರಿನ್ ಎರಡೂ ಕೈ ಮೇಲೆತ್ತಿದ. "ಇನ್ನೂ ಮುಟ್ಟಿಲ್ಲ ಮೇಡಂ. ಪಕ್ಕದಲ್ಲೇ ಕೂತ್ಕೊಳ್ಳಿ. ಸಾಮಾನು ತಂದೋರು ಎದ್ದು ಹೋಗೋ ಹಾಗಿಲ್ಲ, ಇಲ್ಲಿನ ನಿಯಮ ಅದು."

"ಹೋಗೋಳೂ ಅಲ್ಲ ನಾನು."

ಅವಳ ಸಿಡುಕಿಗೆ ಕಾರಣವಿತ್ತು. ನಗರಸಭೆಯಲ್ಲಿ ಆಡಿದ ಪ್ರತಿ ಮಾತನ್ನೂ ಕೇಳಿದ ಕೂಡಲೇ ಟೈಪ್ ಮಾಡಿ ಗೋಡೆಯ ಪರದೆಗೆ ಕಳಿಸುವುದು ಅವಳ ಕೆಲಸ. ಮುಂದಿನ ಸಾಲಿನ ಕಿವುಡರು ಅದನ್ನು ಓದಿಯೇ ಸಭೆ ಕೇಳಬೇಕು. ಕಿವಿಗೆ ಬಿದ್ದದ್ದನ್ನೆಲ್ಲ ಬರೆಯಬೇಕು, ತನ್ನದೊಂದು ಪದವನ್ನೂ ಸೇರಿಸಬಾರದು. ಆದರೆ ಲ್ಯಾಪ್‌ಟಾಪ್ ಬಿಸಿಯಾಗಿ ಕುಂಟುತ್ತಿತ್ತು, ಅಕ್ಷರಗಳು ಪರದೆಯ ಮೇಲೆ ತಡವಾಗಿ ಮೂಡುತ್ತಿದ್ದವು. ಇನ್ನೊಂದು ದೂರು ಬಂದರೆ ಕೆಲಸ ಬೇರೆಯವರಿಗೆ ಎಂದು ಕಚೇರಿ ಎಚ್ಚರಿಸಿತ್ತು. ಹೊಸದು ಕೊಳ್ಳೋಣವೆಂದರೆ ಅವಳ ತಂತ್ರಾಂಶದ ಪರವಾನಗಿ ಈ ಯಂತ್ರಕ್ಕೇ ಗಂಟುಬಿದ್ದಿತ್ತು.

ಓರಿನ್ ಒಂದು ಪುಟ್ಟ ತಂತ್ರಾಂಶ ತೆರೆದ. "ಇದು ನೇರವಾಗಿ ಪ್ರೊಸೆಸರ್ ಹತ್ರಾನೇ ಮಾತಾಡುತ್ತೆ. ವೋಲ್ಟೇಜ್ ಸ್ವಲ್ಪ ಇಳಿಸಿದ್ರೆ ಬಿಸಿ ಕಮ್ಮಿ. ಬಿಸಿ ಕಮ್ಮಿ ಆದ್ರೆ ಅದು ಹೆದರಿ ನಿಧಾನ ಆಗಲ್ಲ."

"ಸುಟ್ಟುಹೋದ್ರೆ?"

"ಇದ್ರಿಂದ ಸುಡಲ್ಲ. ಅತಿ ಆದ್ರೆ ನಿಂತುಬಿಡುತ್ತೆ, ಅಷ್ಟೆ."

ಮುಚ್ಚಳದ ಮೇಲಿದ್ದ ಅವಳ ಹೆಸರನ್ನು ಆಗಷ್ಟೇ ಓದಿದ. "ನಗರಸಭೆ ಮಾರ್ನಿ... ನೀವೇನಾ? ನಮ್ಮಪ್ಪ..." ಎಂದವನು ಮಾತು ನುಂಗಿದ. ಆಮೇಲೆ ವೋಲ್ಟೇಜನ್ನು ಇನ್ನಷ್ಟು ಇಳಿಸಿದ, ಮತ್ತಷ್ಟು ಇಳಿಸಿದ. ಭಾರದ ಕೆಲಸ ಕೊಟ್ಟು ಓಡಿಸಿದರೆ ಲ್ಯಾಪ್‌ಟಾಪ್ ಸರಾಗವಾಗಿ ಓಡಿತು.

ರಿಪೇರಿಯಾದರೆ ಮೇಜಿನ ಹಿತ್ತಾಳೆ ಗಂಟೆ ಬಾರಿಸುವುದು ಅಲ್ಲಿನ ಪದ್ಧತಿ. ಬಾರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರ್ನಿ ಮೊದಲ ಸಲ ನಕ್ಕಳು. ಓರಿನ್‌ಗೆ ಗಂಟೆ ಕೆಳಗಿಡುವುದೇ ಮರೆತುಹೋಯಿತು!

ಸೋಮವಾರದ ಸಭೆ ಎಂದಿನಂತೆ ಮೌನಾಚರಣೆಯಿಂದ ಶುರುವಾಯಿತು. ಈ ಸಲ, ತೀರಿಕೊಂಡ ಅಗ್ನಿಶಾಮಕ ಸಿಬ್ಬಂದಿಯೊಬ್ಬನಿಗಾಗಿ ಎಲ್ಲರೂ ಎದ್ದು ನಿಂತರು. ಬರೆಯಲು ಮಾತಿಲ್ಲ. ಮಾರ್ನಿಯ ಬೆರಳುಗಳೂ ನಿಂತವು...

ಪರದೆ ಕಪ್ಪಾಯಿತು.

ಲ್ಯಾಪ್‌ಟಾಪ್ ಮತ್ತೆ ಏಳುವಷ್ಟರಲ್ಲಿ ಊರಿನ ಬಸ್ಸು ಸೇವೆ ನಿಲ್ಲಿಸುವ ಚರ್ಚೆ ಅರ್ಧ ಮುಗಿದಿತ್ತು. ಕಿವುಡರ ಸಾಲು ಖಾಲಿ ಗೋಡೆ ನೋಡುತ್ತ ಕೂತಿತ್ತು. ಅವಳು ತಲೆಯೆತ್ತಿದರೆ ಹಿಂದಿನ ಬಾಗಿಲ ಬಳಿ ಓರಿನ್!

'ನನ್ನ ಮರ್ಯಾದೆ ಹೋಗೋದನ್ನ ನೋಡೋಕೆ ಬಂದ್ನಾ?'

ಸಭೆ ಮುಗಿದಾಗ ಮೆಟ್ಟಿಲ ಮೇಲೆ ಅವನನ್ನು ತಡೆದಳು. "ನಿಮ್ಮ ಗಂಟೆ ಬಾರಿಸೋ ಚಪಲಕ್ಕೆ ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ... ಖುಷಿ ಆಯ್ತಾ?"

ಓರಿನ್ ಬಾಯಿ ತೆರೆದ. ಅವಳು ನಿಲ್ಲಲಿಲ್ಲ. ಆ ರಾತ್ರಿ ಕಣ್ಣೀರು ಬಂದದ್ದು ಕೆಲಸಕ್ಕಾಗಿಯೋ ಅವನಿಗಾಗಿಯೋ, ಅವಳಿಗೇ ತಿಳಿಯಲಿಲ್ಲ.

ಕಚೇರಿ ಕೊನೆಯ ಅವಕಾಶವೆಂದು ಮುಂದಿನ ಸೋಮವಾರದ ಸಭೆ ಕೊಟ್ಟಿತು. ಓರಿನ್ ಯಂತ್ರದಲ್ಲಿ ಏನೇನು ಬದಲಿಸಿದ್ದಾನೋ ಅವನಿಗೇ ಗೊತ್ತು. ಹಲ್ಲು ಕಚ್ಚಿಕೊಂಡು ಶನಿವಾರ ಮತ್ತೆ ಅವನೆದುರೇ ಕೂತಳು.

"ತಪ್ಪು ನಂದೇ," ಎಂದ ಓರಿನ್. "ಓಡೋವಾಗ ಪರೀಕ್ಷೆ ಮಾಡ್ದೆ, ಸುಮ್ಮನಿರೋವಾಗ ಮಾಡ್ಲಿಲ್ಲ. ಕೆಲಸ ಇಲ್ದಾಗ ಪ್ರೊಸೆಸರ್ ತಾನಾಗೇ ವೋಲ್ಟೇಜ್ ಇಳಿಸ್ಕೊಳ್ಳುತ್ತೆ. ನಾನು ಅದಕ್ಕಿಂತ ಕೆಳಗೆ ತಳ್ಳಿದ್ದೆ. ಮೌನ ಆದ ಕೂಡ್ಲೇ ನಿಂತುಹೋಯ್ತು."

"ಅಷ್ಟೊಂದು ಇಳಿಸಿದ್ದಾದ್ರೂ ಯಾಕೆ?"

"ಮುಂದಿನ ಸಾಲಲ್ಲಿ ಕೆಂಪು ಟೋಪಿಯವರು ಕೂರ್ತಾರಲ್ಲ, ಹಾಲ್ವರ್... ಅವರು ನಮ್ಮಪ್ಪ. 'ಆ ಹುಡುಗಿ ಜೋಕು ಕೂಡ ಬಿಡಲ್ಲ ಕಣೋ' ಅಂತ ಹೊಗಳ್ತಿರ್ತಾರೆ. ಆದ್ರೆ ಅಕ್ಷರ ತಡ ಆಗುತ್ತಲ್ಲ... ಎಲ್ಲಾ ನಕ್ಕು ಸುಮ್ಮನಾದ ಮೇಲೆ ಇವರು ನಗ್ತಾರೆ. ಜನ ತಿರುಗಿ ನೋಡ್ತಾರೆ. ನಂಗೆ ಅದು ತಡ್ಕೊಳ್ಳೋಕಾಗಲ್ಲ. ಅಕ್ಷರ ಚೂರೂ ತಡ ಆಗ್ಬಾರ್ದು ಅಂತ ಅಷ್ಟು ಇಳಿಸ್ದೆ. ಮೊನ್ನೆ ಅವರು ನಗೋದು ನೋಡೋಣ ಅಂತ ಬಂದಿದ್ದೆ."

ಮೆಟ್ಟಿಲ ಮೇಲೆ ತಾನಾಡಿದ್ದೆಲ್ಲ ನೆನಪಾಗಿ ಮಾರ್ನಿಯ ಮುಖ ಕೆಂಪಾಯಿತು.

ಅವನು ವೋಲ್ಟೇಜನ್ನು ಸ್ವಲ್ಪ ಮೇಲೇರಿಸಿ, ಫ್ಯಾನಿನ ಧೂಳು ತೆಗೆದ. ಆಮೇಲೆ ಲ್ಯಾಪ್‌ಟಾಪನ್ನು ಸುಮ್ಮನೆ ಬಿಟ್ಟು ಇಬ್ಬರೂ ಅದನ್ನೇ ನೋಡುತ್ತ ಕೂತರು. ಕಾಫಿ ಆರಿತು. ಮೇಳ ಮುಗಿಯುವವರೆಗೂ ಯಂತ್ರ ನಿಲ್ಲಲಿಲ್ಲ.

"ಗಂಟೆ?" ಕೇಳಿದಳು.

"ಈ ಸಲ ಸಭೆಯ ಮೌನ ದಾಟಲಿ. ಆಮೇಲೆ."

ಸೋಮವಾರ ಎಲ್ಲರೂ ಮೌನಕ್ಕೆ ಎದ್ದು ನಿಂತರು. ಮಾರ್ನಿ ಪರದೆಯಿಂದ ಕಣ್ಣು ಕೀಳಲಿಲ್ಲ. 'ನಿಲ್ಬೇಡ... ದಯವಿಟ್ಟು ನಿಲ್ಬೇಡ.' ಹಿಂದಿನ ಸಾಲಿನಲ್ಲಿ ಓರಿನ್ ಕಣ್ಣು ಮುಚ್ಚಿದ್ದ.

"ಕುಳಿತುಕೊಳ್ಳಿ," ಎಂದರು ಅಧ್ಯಕ್ಷರು.

ಪರದೆಯ ಮೇಲೆ ಮೂಡಿತು: ಕುಳಿತುಕೊಳ್ಳಿ.

ಸ್ವಲ್ಪ ಹೊತ್ತಿಗೆ ಸದಸ್ಯರೊಬ್ಬರು, "ನಮ್ಮೂರ ಬಸ್ಸು ನನ್ನ ಅತ್ತೆ ಇದ್ದ ಹಾಗೆ. ಬರ್ತೀನಿ ಅಂದಾಗ ಬರಲ್ಲ, ಬಂದ್ರೆ ಹೊರಡಲ್ಲ," ಎಂದರು. ಸಭೆ ಘೊಳ್ಳೆಂದಿತು. ಅದೇ ಹೊತ್ತಿಗೆ ಕೆಂಪು ಟೋಪಿಯೂ ಕುಲುಕಿತು. ಯಾರೂ ತಿರುಗಿ ನೋಡಲಿಲ್ಲ. ಓರಿನ್ ಮಾತ್ರ ಕಣ್ಣೊರೆಸಿಕೊಂಡ.

ಸಭೆ ಮುಗಿಯಿತು. ಕಚೇರಿಯವರು ದೂರದಿಂದಲೇ ಹೆಬ್ಬೆರಳೆತ್ತಿ ಹೋದರು. ಕಿವುಡರ ಸಾಲು ಕೋಟು ತೊಡುತ್ತಿತ್ತು. ಓರಿನ್ ಜೊತೆಗೆ ತಂದಿದ್ದ ಗ್ರಂಥಾಲಯದ ಗಂಟೆಯನ್ನು ಅಪ್ಪನ ಕೈಗೆ ಕೊಟ್ಟು ಅವಳ ಮೇಜಿನ ಬಳಿ ಬಂದ.

"ಮಾರ್ನಿ, ಇನ್ನು ರಿಪೇರಿ ನೆಪ ಉಳಿದಿಲ್ಲ. ನೆಪ ಇಲ್ದೇನೂ ನಿಮ್ಮನ್ನ ನೋಡ್ಬೇಕು ಅನ್ಸುತ್ತೆ. ನೀವಂದ್ರೆ ನಂಗೆ ತುಂಬಾ ಇಷ್ಟ."

ಕೋಟು ತೊಡುತ್ತಿದ್ದ ಕೈಗಳೆಲ್ಲ ಅಲ್ಲಲ್ಲೇ ನಿಂತವು. ಎಲ್ಲರ ಕಣ್ಣೂ ಗೋಡೆಯ ಮೇಲೆ. ಓರಿನ್ ತಿರುಗಿ ನೋಡಿದ. ಅವನು ಹೇಳಿದ್ದಷ್ಟೂ ದೊಡ್ಡ ಅಕ್ಷರಗಳಲ್ಲಿ ಅಲ್ಲಿತ್ತು! ಮಾರ್ನಿ ಪರದೆ ಆರಿಸಿರಲಿಲ್ಲ, ಕಿವಿಗೆ ಬಿದ್ದದ್ದನ್ನು ಬೆರಳುಗಳು ಅಭ್ಯಾಸಬಲದಿಂದ ಬರೆದುಬಿಟ್ಟಿದ್ದವು.

"ಅಯ್ಯೋ..." ಎಂದ. ಅದೂ ಬರೆಯಲ್ಪಟ್ಟಿತು.

ಮಾರ್ನಿ ಪರದೆ ಆರಿಸುವ ಗುಂಡಿಯತ್ತ ಕೈ ಚಾಚಿದಳು. ಮತ್ತೆ ಹಿಂದೆಗೆದಳು. ಇಷ್ಟು ವರ್ಷ ಒಮ್ಮೆಯೂ ಸೇರಿಸದ ತನ್ನ ಸ್ವಂತ ಮಾತನ್ನು ನಿಧಾನವಾಗಿ ಟೈಪ್ ಮಾಡಿದಳು.

'ನಂಗೂ.'

ಮುಂದಿನ ಸಾಲಿನ ಕೈಗಳೆಲ್ಲ ಗಾಳಿಯಲ್ಲಿ ಅಲುಗಾಡಿದವು. ಅದೇ ಅವರ ಚಪ್ಪಾಳೆ. ಹಾಲ್ವರ್ ಗಂಟೆಯನ್ನು ಜೋರಾಗಿ ಬಾರಿಸಿ, ಕೈಸನ್ನೆಯಲ್ಲಿ ಏನನ್ನೋ ಕೇಳಿದರು.

"ಏನಂತೆ?" ಮಾರ್ನಿ ಕೇಳಿದಳು.

"ಕೇಳಿಸ್ತಾ ಅಂತ."

"ಕೇಳಿಸ್ತು ಅನ್ನೋದನ್ನ ಕೈಯಲ್ಲಿ ಹೇಗೆ ಹೇಳೋದು? ಕಲಿಸ್ಕೊಡು."

ಓರಿನ್ ಅವಳ ಬೆರಳನ್ನು ಹಿಡಿದು ಅವಳ ಕಿವಿಗೆ ಮುಟ್ಟಿಸಿದ.